ಹೆಸರಿಲ್ಲದ ರಕ್ತದ ಚರಿತ್ರೆ

ಗುತ್ತಲವನ್ನಾಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಕಲ್ಲಿನಲ್ಲಿ ಕೆತ್ತಿಸಿಕೊಂಡರು. ಅರಸರ ರಕ್ತಕ್ಕೆ ಶಾಸನವಿದೆ. ನಮ್ಮ ತಾಯಂದಿರ ರಕ್ತಕ್ಕೆ ಸಿಕ್ಕಿದ್ದು ಬರೀ ಒಂದು ನಂಬರು. ಆ ನಂಬರಿನ ಚರಿತ್ರೆಯನ್ನು ನಾವೇ ಬರೆಯಬೇಕು.

ಈ ದೇಶದಲ್ಲಿ ಮೊದಲು ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದಲ್ಲಿ. ಏಡ್ಸ್ ಪರೀಕ್ಷೆಯೆಂದು ಅವರಿಗೆ ಹೇಳಿರಲಿಲ್ಲ. 1997ರಲ್ಲಿ ನಮ್ಮ ಹಾವೇರಿ ಜಿಲ್ಲೆಯಾಯಿತು. ಮರುವರ್ಷದಿಂದ ದೇಶದಾದ್ಯಂತ ಎಚ್‌ಐವಿ ಕಾವಲು ಸಮೀಕ್ಷೆ ಶುರುವಾಯಿತು. ಬಸುರಿಯರ ತಪಾಸಣೆಯ ಒಂದೊಂದು ಆಯ್ದ ಆಸ್ಪತ್ರೆಗೆ 400 ಮಾದರಿ. ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಒಂದು ಪಾಲಿಗೆ ಹೆಸರು ತೆಗೆದು ನಂಬರು ಹಚ್ಚಿ ಎಚ್‌ಐವಿ ಪರೀಕ್ಷೆಗೆ ಕಳಿಸುತ್ತಿದ್ದರು. ವಯಸ್ಸು, ಓದು, ಗಂಡನ ಕಸುಬು ಬರೆದುಕೊಂಡರು. ಒಪ್ಪಿಗೆ ಕೇಳಲಿಲ್ಲ. ಹೊಲ ಬರೆಸಿಕೊಂಡ ಗೌಡನಾದರೂ ಹೆಬ್ಬೆಟ್ಟು ಕೇಳುತ್ತಿದ್ದ. ಇಲ್ಲಿ ಹೆಬ್ಬೆಟ್ಟೂ ಬೇಕಾಗಲಿಲ್ಲ.

ಹೆಸರು ತೆಗೆದದ್ದಕ್ಕೆ ಕಾರಣವಿತ್ತು. 1989ರಲ್ಲಿ ಗೋವೆಯ ರಕ್ತದಾನಿ ಡೊಮಿನಿಕ್ ಡಿಸೋಜಾಗೆ ಸೋಂಕಿದೆಯೆಂದು ಸರಕಾರ 64 ದಿನ ಕೂಡಿಹಾಕಿತು. ಹೆಸರು ಹೊರಬಿದ್ದರೆ ಬಾಳು ಬೀದಿಪಾಲು. ಇನ್ನೊಂದು ವಾದ: ಕೇಳಿದರೆ ಹಲವರು ಒಲ್ಲೆ ಅಂದಾರು, ಲೆಕ್ಕ ತಪ್ಪೀತು. ಲೆಕ್ಕ ಬೇಕು, ನಾವೂ ಒಪ್ಪುತ್ತೇವೆ. ಆದರೆ ಹೆಸರು ಮುಚ್ಚಿಡುವುದು ಬೇರೆ, ವಿಷಯವನ್ನೇ ಮುಚ್ಚಿಡುವುದು ಬೇರೆ. ಸೂಜಿಯಿಂದ ಅಮಲಿನ ಮದ್ದು ಚುಚ್ಚಿಕೊಳ್ಳುವವರ ಸಮೀಕ್ಷೆಯಲ್ಲಿ ಮುಂದೆ ಒಪ್ಪಿಗೆ ಕೇಳುವ ನಿಯಮ ಬಂತು. ಅವರನ್ನು ಕೇಳಬಹುದಾದರೆ ಬಸುರಿಯನ್ನು ಯಾಕೆ ಕೇಳಬಾರದಿತ್ತು?

2004ರ ಏಪ್ರಿಲ್ 1ರಿಂದ ಸರಕಾರ ಎಆರ್‌ಟಿ ಗುಳಿಗೆ ಪುಕ್ಕಟೆ ಕೊಡತೊಡಗಿತು. ಅಲ್ಲಿಂದ ಮುಂದೆ, ಸೋಂಕಿದ್ದೂ ಗೊತ್ತಾಗದಿದ್ದರೆ ಗುಳಿಗೆ ತಪ್ಪಿದಂತೆ. ಈ ಸಮೀಕ್ಷೆಯಲ್ಲಿ ಫಲಿತಾಂಶ ಬಂದದ್ದು ನಂಬರಿಗೆ. ತಾಯಿಗೆ ಸುದ್ದಿ ಮುಟ್ಟಲಿಲ್ಲ. ಬೇರೆಯಾಗಿ ಪರೀಕ್ಷೆ ಮಾಡಿಸಿಕೊಂಡವಳಿಗಷ್ಟೇ ತಿಳಿಯಿತು.

2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು ಎನ್ನುತ್ತದೆ. ಹೆಸರಿಲ್ಲದ ಸಮೀಕ್ಷೆಗೆ ಒಪ್ಪಿಗೆಯಿಂದ ವಿನಾಯಿತಿ ಇದೆ. ಆದರೆ ಸಮೀಕ್ಷೆ ಯಾತಕ್ಕೆಂದು ಜನರಿಗೆ ತಿಳಿಸಲೇಬೇಕೆಂಬ ಷರತ್ತೂ ಅಲ್ಲೇ ಇದೆ. ಆ ಒಂದು ಸಾಲು ನಮ್ಮದು.

ಗೆಳೆಯರೇ, ಮಾಸ್ತರರೇ, ಕೇರಿಕೇರಿಗೆ ಅದನ್ನು ಓದಿ ಹೇಳೋಣ. ರಕ್ತ ಕೊಡಬೇಡಿ ಅಂತಲ್ಲ. ಕೊಡುವ ಮುಂಚೆ ಕೇಳ್ರಿ: "ಅಕ್ಕಾರ, ಈ ರಕ್ತ ಯಾತಕ್ಕ ತಗೀತೀರಿ?" ಉತ್ತರ ಸಿಗುವ ತನಕ ಕೈ ಚಾಚಬೇಕಾಗಿಲ್ಲ.