ಮೈದಾನಕ್ಕೆ ಬೇಲಿ ಬಿದ್ದ ಮೇಲೆ

2016ರ ಜನವರಿ 4, ಸೋಮವಾರ. ಮುಂಬೈ ಬಳಿಯ ಠಾಣೆ ಜಿಲ್ಲೆಯ ಕಲ್ಯಾಣದ ವಾಯಲೆ ನಗರದಲ್ಲಿರುವ ಯೂನಿಯನ್ ಕ್ರಿಕೆಟ್ ಅಕಾಡೆಮಿಯ ಮೈದಾನದಲ್ಲಿ ಭಂಡಾರಿ ಕಪ್ಪಿನ ಎಂದಿನ ಶಾಲಾ ಪಂದ್ಯ. ಸಂಜೆ ಆಟ ನಿಂತಾಗ ಕೆ.ಸಿ. ಗಾಂಧಿ ಶಾಲೆಯ ಪ್ರಣವ್ ಧನಾವಡೆ 652 ರನ್ ಹೊಡೆದು ಇನ್ನೂ ಔಟಾಗದೆ ಉಳಿದಿದ್ದ. 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನ ಹುಡುಗ ಎ.ಇ.ಜೆ. ಕಾಲಿನ್ಸ್ ಬರೆದಿಟ್ಟಿದ್ದ 628ರ ದಾಖಲೆ ಒಂದೇ ದಿನದಲ್ಲಿ ಮುರಿದುಬಿದ್ದಿತ್ತು. ರಾತ್ರಿಯೊಳಗೆ ಸುದ್ದಿ ಹಬ್ಬಿತು. ಮರುದಿನ ಬೌಂಡರಿ ಗೆರೆಯ ಸುತ್ತ ಕ್ಯಾಮೆರಾಗಳು. ಆಟೋ ಚಾಲಕರ ಮಗ, ಹದಿನೈದರ ಆ ಹುಡುಗ 1009 ತಲುಪಿ ಅಜೇಯನಾಗಿಯೇ ಹಿಂತಿರುಗಿದ. ತಂಡ 3 ವಿಕೆಟ್‌ಗೆ 1465 ಎಂದು ಡಿಕ್ಲೇರ್ ಮಾಡಿಕೊಂಡಿತು.

ಕ್ಯಾಮೆರಾ ಹಿಡಿದು ಬಂದವರಲ್ಲಿ ಪತ್ರಿಕೆಯ ಸಂಬಳದವರು ಯಾರು, ಚಿತ್ರಕ್ಕಿಷ್ಟು ಎಂದು ದುಡಿಯುವ ಫ್ರೀಲ್ಯಾನ್ಸರ್ ಯಾರು ಎಂದು ವಿಂಗಡಿಸುವ ಪದ್ಧತಿ ಇಂಥ ಪಂದ್ಯಗಳಿಗೆ ಇರಲೇ ಇಲ್ಲ. ಬಂದವರಿಗೆ ಜಾಗ ಇತ್ತು, ಅಷ್ಟೆ. ಆದರೆ ಅಂಥ ದಿನ ಲೆನ್ಸಿಗೆ ಸಿಗುವುದು ಗೆದ್ದವನೊಬ್ಬನೇ ಅಲ್ಲ. ಎದುರಾಳಿ ಆರ್ಯ ಗುರುಕುಲದ ದೊಡ್ಡ ಹುಡುಗರು ಪರೀಕ್ಷೆಯ ಓದಿಗಾಗಿ ಹೊರಗುಳಿದಿದ್ದರು. ಆಡಲಿಳಿದವರಲ್ಲಿ ಹನ್ನೆರಡು-ಹದಿಮೂರರ ಮಕ್ಕಳಿದ್ದರು. ಅವರು 31ಕ್ಕೆ ಔಟ್, ಎರಡನೇ ಸಲ 52ಕ್ಕೆ. ದಿನವಿಡೀ ಚೆಂಡು ಹೆಕ್ಕಿ ಹೆಕ್ಕಿ ಸುಸ್ತಾದ ಆ ಮಕ್ಕಳ ಚಿತ್ರ ತೆಗೆಯಲು ಯಾರ ಒಪ್ಪಿಗೆ ಬೇಕು? ಈ ಪ್ರಶ್ನೆಗೆ ಮುಂಬೈ ಸೀಮೆಯ ಶಾಲಾ ಕ್ರೀಡೆ ನೂರು ವರ್ಷ ತಲೆಕೆಡಿಸಿಕೊಂಡಿರಲಿಲ್ಲ.

ಕಾರಣ, ಆಟ ನಡೆಯುತ್ತಿದ್ದುದೇ ಬಯಲಿನಲ್ಲಿ. ಬಾಂಬೆ ಗವರ್ನರ್ ಆಗಿದ್ದ ಲಾರ್ಡ್ ಹ್ಯಾರಿಸ್ ಹೆಸರಿನ ಹ್ಯಾರಿಸ್ ಶೀಲ್ಡ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರುವಾದದ್ದು. ಅದರ ಪಂದ್ಯಗಳು ಆಜಾದ್ ಮೈದಾನದಂಥ ಸಾರ್ವಜನಿಕ ಜಾಗಗಳಲ್ಲಿ. ಅಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರ್ ಪಕ್ಕ ನಿಂತಿರುತ್ತಾನೆ. ನಡುವೆ ದಾರಿಹೋಕರು, ಕಡಲೆಕಾಯಿಯವನು. ಕ್ಯಾಮೆರಾ ಹಿಡಿದವನನ್ನು ತಡೆಯುವವರು ಯಾರು? 1988ರ ಫೆಬ್ರುವರಿಯಲ್ಲಿ ಶಾರದಾಶ್ರಮದ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಸೇಂಟ್ ಝೇವಿಯರ್ಸ್ ವಿರುದ್ಧ 664 ರನ್ ಜೊತೆಯಾಟ ಆಡಿದ್ದು ಇಲ್ಲೇ. ಇಷ್ಟು ತೆರೆದ ಮೈದಾನದಲ್ಲಿ ಆಡಿದ ಆ ಆಟದ ಒಂದು ತುಣುಕು ವಿಡಿಯೊ ಕೂಡ ಉಳಿದಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಬರುವ ಉಮೇದು ಯಾರಿಗೂ ಇರಲಿಲ್ಲ.

ಮೈದಾನ ತೆರೆದಿದ್ದರೂ ಠಾಣೆಯ ಫೋಟೊಗ್ರಾಫರ್‌ಗಳಿಗೆ ದೂರದ ಕಷ್ಟ ಇತ್ತು. ಫಿಲ್ಮ್ ರೋಲಿನ ಕಾಲದಲ್ಲಿ 36 ಚೌಕಟ್ಟು ಮುಗಿಸಿ, ತೊಳೆಸಿ, ಮುಂಬೈಯ ಪತ್ರಿಕೆಗೆ ಮುಟ್ಟಿಸಲು 34 ಕಿಲೋಮೀಟರ್ ಲೋಕಲ್ ರೈಲಿನ ಪಯಣ. ಅಷ್ಟು ಮಾಡಿ ಸಿಗುವುದು ಒಂದು ಸಣ್ಣ ಚಿತ್ರದ ಕೂಲಿ. ನರೇಂದ್ರ ಬಲ್ಲಾಳರು 1975ರಲ್ಲಿ ‘ಠಾಣೆ ವೈಭವ’ ದೈನಿಕ ಆರಂಭಿಸಿದ ಮೇಲೆ ಊರಿನ ಸುದ್ದಿಗೆ ಊರಲ್ಲೇ ಜಾಗ ಸಿಕ್ಕಿತು. ಆದರೂ ಹೊಟ್ಟೆಪಾಡು ನಡೆಯುತ್ತಿದ್ದುದು ಶಾಲೆಯ ವಾರ್ಷಿಕ ಕ್ರೀಡಾಕೂಟದಿಂದ.

ಠಾಣೆಯ ನೌಪಾಡಾದಂಥ ಶಾಲೆಗಳ ದಟ್ಟಣೆಯ ಬಡಾವಣೆಗಳಲ್ಲಿ ಆ ವ್ಯಾಪಾರದ ಕ್ರಮ ಸರಳ. ಸ್ಟುಡಿಯೊದವರು ನೂರು ಮೀಟರ್ ಓಟದ ಕೊನೆಯ ಗೆರೆ, ಪದಕ ವಿತರಣೆ, ಕವಾಯತು ಎಲ್ಲ ತೆಗೆದು, ಪ್ರಿಂಟುಗಳ ಮೇಲೆ ನಂಬರ್ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಮಕ್ಕಳು ತಮ್ಮ ಮುಖ ಹುಡುಕಿ, ನಂಬರ್ ಗುರುತು ಮಾಡಿಕೊಂಡು, ಟೀಚರ್ ಕೈಗೆ ದುಡ್ಡು ಕೊಡುವರು. ಕರಾರು ಪತ್ರ ಇಲ್ಲ; ಮುಖ್ಯೋಪಾಧ್ಯಾಯರ ಪರಿಚಯವೇ ಪರವಾನಗಿ. ಇಲ್ಲೊಂದು ಕಾನೂನಿನ ಸೂಕ್ಷ್ಮವೂ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ತನ್ನ ಪಾಡಿಗೆ ಬಂದು ತೆಗೆದವನ ಚಿತ್ರ ಅವನದೇ. ಶಾಲೆಗಳು ಇದನ್ನು ಗಮನಿಸತೊಡಗಿದ್ದು ವೆಬ್‌ಸೈಟು, ಜಾಹೀರಾತು ಫಲಕ, ಪ್ರವೇಶದ ಪೈಪೋಟಿ ಬಂದ ನಂತರ.

ಚಿತ್ರಕ್ಕೆ ಬೆಲೆ ಬಂದೊಡನೆ ಬೇಲಿ ಹಾಕುವುದು ನಮ್ಮಲ್ಲೇ ಹುಟ್ಟಿದ್ದೇನಲ್ಲ. ಇಂಗ್ಲೆಂಡಿನ ಟೆಸ್ಟ್ ಮೈದಾನಗಳೊಳಗೆ 1972ರವರೆಗೆ ಎರಡೇ ಏಜೆನ್ಸಿಗಳ ಫೋಟೊಗ್ರಾಫರ್‌ಗಳಿಗೆ ಪ್ರವೇಶವಿತ್ತು. ಆ ನಿರ್ಬಂಧ ಸಡಿಲಿದ್ದರಿಂದಲೇ ಪ್ಯಾಟ್ರಿಕ್ ಈಗರ್ ಎಂಬ ಫ್ರೀಲ್ಯಾನ್ಸರ್ ಒಳಬಂದದ್ದು, ಕ್ರಿಕೆಟ್ ಚಿತ್ರಗಳ ಚಹರೆಯೇ ಬದಲಾದದ್ದು. ಶಾಲಾ ಕ್ರೀಡೆಯಲ್ಲಿ ಈ ಜಗಳ ಕೋರ್ಟಿನ ಮೆಟ್ಟಿಲೇರಿದ್ದು ಅಮೆರಿಕದಲ್ಲಿ. 2007ರಲ್ಲಿ ಇಲಿನಾಯ್ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಸ್ಥೆ ಒಂದು ಖಾಸಗಿ ಕಂಪನಿಗೆ ಚಿತ್ರ ಮಾರುವ ಹಕ್ಕು ಕೊಟ್ಟು, ತಾವೂ ಓದುಗರಿಗೆ ಪ್ರಿಂಟ್ ಮಾರುತ್ತಿದ್ದ ಪತ್ರಿಕೆಗಳ ಫೋಟೊಗ್ರಾಫರ್‌ಗಳನ್ನು ರಾಜ್ಯಮಟ್ಟದ ಫೈನಲ್‌ನಲ್ಲಿ ಮೈದಾನದಂಚಿಗೆ ಬಿಡಲಿಲ್ಲ. ಪತ್ರಿಕಾ ಸಂಘ ದಾವೆ ಹೂಡಿತು; ಮರುವರ್ಷ ರಾಜಿಯಾಗಿ ನಿರ್ಬಂಧ ಹೋಯಿತು. ಅಲ್ಲಿ ಮಕ್ಕಳ ಸುರಕ್ಷತೆಯ ಮಾತಿಗಿಂತ ಪ್ರಿಂಟಿನ ದುಡ್ಡಿನ ಮಾತೇ ಜೋರಾಗಿತ್ತು ಎಂಬುದನ್ನು ಮರೆಯಬಾರದು.

ಠಾಣೆ ಜಿಲ್ಲೆಯ ಕತೆ ಬೇರೆ. 2024ರ ಆಗಸ್ಟ್‌ನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ನಡೆದ ದೌರ್ಜನ್ಯ ಬಯಲಾಗಿ, 20ರಂದು ಜನ ರೈಲು ಹಳಿಗಿಳಿದರು. ಬೆನ್ನಿಗೇ ಸರ್ಕಾರ ಶಾಲೆಗಳಿಗೆ ಸಿಸಿಟಿವಿ, ಸಿಬ್ಬಂದಿಯ ಪೂರ್ವಾಪರ ತಪಾಸಣೆ ಕಡ್ಡಾಯ ಮಾಡಿತು. ಇಂಥ ಹೊತ್ತಿನಲ್ಲಿ ಗುರುತಿಲ್ಲದವನೊಬ್ಬ ಉದ್ದದ ಲೆನ್ಸ್ ಹೊತ್ತು ಗೇಟಿಗೆ ಬಂದರೆ ಕಾವಲುಗಾರ ತಡೆಯಲೇಬೇಕು; ತಡೆಯದಿದ್ದರೆ ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟರೊಳಗಿನವರ ಮಾಹಿತಿ ಬಳಕೆಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಫ್ರೀಲ್ಯಾನ್ಸರ್ ಆಗಿಯೇ ಊರೂರು ಸುತ್ತಿ ಮಕ್ಕಳ ಚಿತ್ರ ತೆಗೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಇಂದಾದರೆ ಅವರಿಗೂ ಕೈತುಂಬ ಒಪ್ಪಿಗೆ ಪತ್ರ ಬೇಕಾಗುತ್ತಿತ್ತು.

ಒಪ್ಪಿಗೆ ಕೇಳುವುದು ನ್ಯಾಯವೇ. ತಕರಾರು ಇರುವುದು, ಸುರಕ್ಷತೆಯ ಹೆಸರಲ್ಲಿ ಹೊರಗಿನವನನ್ನು ತಡೆದು, ಅದೇ ಮಕ್ಕಳ ಚಿತ್ರಗಳನ್ನು ಶಾಲೆ ತನ್ನ ಪ್ರವೇಶ ಪ್ರಚಾರಕ್ಕೆ ಧಾರಾಳವಾಗಿ ಬಳಸಿದಾಗ. ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರ 17 ವರ್ಷದೊಳಗಿನವರ ಫಿಫಾ ವಿಶ್ವಕಪ್ ಪಂದ್ಯಗಳು ನಡೆದಾಗ, ಶಾಲಾ ವಯಸ್ಸಿನ ಹುಡುಗರ ಚಿತ್ರ ತೆಗೆಯಲು ಮೊದಲೇ ಅರ್ಜಿ, ಕೊರಳಿಗೆ ಗುರುತುಪತ್ರ ಎಲ್ಲ ಬೇಕಿತ್ತು. ನಿಯಮ ಬಿಗಿ, ಆದರೆ ಬರೆದಿಟ್ಟ ನಿಯಮ. ಯಾರಿಗೆ, ಯಾವ ಷರತ್ತಿಗೆ ಎಂಬುದು ಮೊದಲೇ ಗೊತ್ತು. ಜಿಲ್ಲಾ ಮಟ್ಟದ ಶಾಲಾ ಕೂಟಕ್ಕೂ ಅಂಥ ಒಂದು ಪುಟದ ಕಾಗದ ಮಾಡುವುದು ಜಿಲ್ಲಾ ಕ್ರೀಡಾ ಕಚೇರಿಗೆ ದೊಡ್ಡ ಕೆಲಸವೇನೂ ಅಲ್ಲ. ಅದಿಲ್ಲದಿದ್ದರೆ ಫ್ರೀಲ್ಯಾನ್ಸರ್‌ಗಳಿಗೆ ಉಳಿಯುವುದು ಠಾಣೆಯ ವರ್ಷಾ ಮ್ಯಾರಥಾನ್‌ನಂಥ ಓಟಗಳು: ಮಕ್ಕಳ ವಿಭಾಗವೂ ಉಂಟು, ಓಡುವುದು ನಗರಪಾಲಿಕೆಯ ರಸ್ತೆಯಲ್ಲಿ, ಬದಿಯಲ್ಲಿ ನಿಲ್ಲಲು ಯಾರ ಪತ್ರವೂ ಬೇಡ.