ಹಣ ಕೊಟ್ಟು ಪಡೆಯುವ ಸೀಟು: ಸೆಳೆತವೂ ತೊಡಕೂ

ಪಿಯುಸಿ, ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ಕಾಲೇಜುಗಳ ಏಜೆಂಟರ ಫೋನು ಶುರುವಾಗುತ್ತದೆ. ರ‍್ಯಾಂಕ್ ಬೇಡ, ಹಾಸ್ಟೆಲ್ ಇದೆ, ಬಸ್ಸು ಊರಿಗೇ ಬರುತ್ತದೆ. ಸರಕಾರಿ ಸೀಟು ಕೈತಪ್ಪಿದ ಮನೆಗೆ, ಅದರಲ್ಲೂ ಮಗಳನ್ನು ದೂರ ಕಳುಹಿಸಲು ಅಂಜುವ ಮನೆಗೆ, ಈ ಮಾತು ಹಿತವಾಗಿ ಕೇಳಿಸುವುದು ಸಹಜ. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ವೈದ್ಯಕೀಯ ಕಾಲೇಜು ತೆರೆದದ್ದೂ ಸರಕಾರಿ ಸೀಟುಗಳು ಸಾಲದಿದ್ದ ಕಾಲದಲ್ಲೇ.

ಕಾನೂನಿನ ಪ್ರಕಾರ ನಮ್ಮಲ್ಲಿ ಕಾಲೇಜು ಲಾಭದ ವ್ಯಾಪಾರವಲ್ಲ. ಹೆಚ್ಚಿನವು ಟ್ರಸ್ಟ್ ಅಥವಾ ಸೊಸೈಟಿಯ ಹೆಸರಿನಲ್ಲಿ ನಡೆಯುತ್ತವೆ. ಹಾಗಾಗಿ ಲಾಭ ‘ದೇಣಿಗೆ’ಯ ವೇಷದಲ್ಲಿ ಬರುತ್ತದೆ, ರಸೀದಿ ಮಾತ್ರ ಬರುವುದಿಲ್ಲ.

ಕರ್ನಾಟಕವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು 1984ರಲ್ಲೇ ಮಾಡಿತು. ಆದರೆ ಅದರಡಿಯ 1989ರ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ರಾಜ್ಯದವರಿಂದ 25,000, ಹೊರರಾಜ್ಯದವರಿಂದ 60,000 ರೂಪಾಯಿವರೆಗೆ ಪಡೆಯಲು ಅವಕಾಶವಿತ್ತು. (‘ಹೊರರಾಜ್ಯದವರು’ ಎಂಬ ಪದ ಗಡಿಯಾಚೆಯ ನಮಗೆ ಇಂದಿಗೂ ಚುಚ್ಚುತ್ತದೆ.) ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದಾಗ, ಇದು ಬೇರೆ ಹೆಸರಿನ ಕ್ಯಾಪಿಟೇಶನ್ ಶುಲ್ಕವೇ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಅನುದಾನವಿಲ್ಲದ ಕಾಲೇಜುಗಳಿಗೆ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯ ಕೊಟ್ಟಿತು. ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಸರಿ, ಲಾಭಕೋರತನ ಕೂಡದು ಎಂದಿತು. ಇವೆರಡರ ನಡುವಿನ ಗೆರೆ ತೆಳು; ದುಡ್ಡು ಹರಿಯುವುದು ಅಲ್ಲೇ. ಮರುವರ್ಷ ಇನ್ನೊಂದು ತೀರ್ಪು ರಾಜ್ಯಗಳಲ್ಲಿ ಶುಲ್ಕ ಸಮಿತಿ ಇರಬೇಕೆಂದಿತು. ಸಮಿತಿ ಗೊತ್ತುಮಾಡಿದ ಶುಲ್ಕ ಎಷ್ಟೆಂದು ಕೇಳಿಯೇ ಹಣ ಕಟ್ಟಿ.

ಏಜೆಂಟರು ಹೇಳದ ಸಂಗತಿ ಇನ್ನೊಂದಿದೆ. ಗಡಿನಾಡ ಮತ್ತು ಹೊರನಾಡ ಕನ್ನಡಿಗ ಮಕ್ಕಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಅಲ್ಲಿನ ಸರಕಾರಿ ಸೀಟಿಗೆ ಅರ್ಜಿ ಹಾಕಬಹುದು. ಅದಕ್ಕೆ ನಿಗದಿತ ಪ್ರಮಾಣಪತ್ರಗಳು ಬೇಕು, ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಅರ್ಹತೆಯ ಷರತ್ತುಗಳನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿಕೊಳ್ಳಿ. ಫಲಿತಾಂಶದ ನಂತರ ಓಡಾಡಿದರೆ ತಡವಾಗುತ್ತದೆ.

ಸೇರಿದ ಮೇಲೆ ಬೇರೆಡೆ ಸೀಟು ಸಿಕ್ಕರೆ? ಮೂಲ ಅಂಕಪಟ್ಟಿ ಇಟ್ಟುಕೊಂಡು ಮಕ್ಕಳನ್ನು ಕಟ್ಟಿಹಾಕುವುದು ಹಳೆಯ ಚಾಳಿ. 2018ರ ಯುಜಿಸಿ ಅಧಿಸೂಚನೆ ಅದನ್ನು ನಿಷೇಧಿಸಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಸಂಸ್ಕರಣಾ ವೆಚ್ಚ ಮಾತ್ರ ಕಳೆದು ಪೂರ್ತಿ ಶುಲ್ಕ ವಾಪಸು, ದಿನ ಕಳೆದಂತೆ ಶೇ. 90, 80, 50. ಕೊನೆಯ ದಿನಾಂಕದಿಂದ 30 ದಿನ ಮೀರಿದರೆ ಏನೂ ಇಲ್ಲ. ಬಿಡುವ ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.