ಗುತ್ತಿಗೆ ನೆಲದಲ್ಲಿ ಕಾಲು ಮೈಲಿ

ಲಾಸ್ ಏಂಜಲಿಸ್ ಬಂದರಿನ ಮೇಲೆ ಹಸಿರು ಬಣ್ಣದ ಒಂದು ತೂಗುಸೇತುವೆ ಇದೆ, ವಿನ್ಸೆಂಟ್ ಥಾಮಸ್ ಬ್ರಿಡ್ಜ್ ಅಂತ. 2018ರಲ್ಲಿ ಆನ್‌ಸೈಟ್ ಅಂತ ನನ್ನನ್ನು ಆರು ತಿಂಗಳು ಆ ಊರಿಗೆ ಕಳಿಸಿದ್ದಾಗ, ಟೆಸ್ಟಿಂಗ್ ಟೀಮಿನ ಹುಡುಗನೊಬ್ಬ ಒಂದು ಶನಿವಾರ ತನ್ನ ಹಳೇ ಹೋಂಡಾ ಸಿವಿಕ್‌ನಲ್ಲಿ ನನ್ನನ್ನು ಆ ಸೇತುವೆ ದಾಟಿಸಿದ. ಇಳಿದರೆ ಟರ್ಮಿನಲ್ ಐಲೆಂಡ್. ದ್ವೀಪ ಅಂದ ತಕ್ಷಣ ಮರಳು, ತೆಂಗಿನಮರ ಅಂದುಕೊಂಡಿದ್ದವನಿಗೆ ಕಂಡದ್ದು ಕ್ರೇನು, ರೈಲು ಹಳಿ, ಒಂದರ ಮೇಲೊಂದು ಪೇರಿಸಿಟ್ಟ ಕಂಟೈನರು. ಅವನು ಕಾರು ಬದಿಗೆ ಹಾಕಿ ತಂತಿ ಬೇಲಿಯ ಆಚೆ ಕೈ ತೋರಿಸಿದ. "ನಮ್ಮಪ್ಪ ಇಲ್ಲೇ ರೇಸ್ ಓಡಿಸ್ತಾ ಇದ್ದದ್ದು" ಅಂದ.

ಅವರಪ್ಪ ಮೆಕ್ಸಿಕೋದಿಂದ ಬಂದ ಮೆಕ್ಯಾನಿಕ್. ಓಡಿಸ್ತಾ ಇದ್ದ ಜಾಗದ ಹೆಸರು ಬ್ರದರ್‌ಹುಡ್ ರೇಸ್‌ವೇ ಪಾರ್ಕ್. ಅಲ್ಲಿ ಒಂದು ಕಲ್ಲಾಗಲಿ, ಬೋರ್ಡಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ರೂಮಿಗೆ ಬಂದವನು ಆ ಜಾಗದ ಕಥೆ ಹುಡುಕುತ್ತಾ ಕೂತೆ. ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ ತೂಕಡಿಸಿದ್ದು ಅದರಿಂದಲೇ.

ಮೊದಲು ಡ್ರ್ಯಾಗ್ ರೇಸ್ ಅಂದರೇನು ಅಂತ ಹೇಳಿಬಿಡ್ತೀನಿ. ಮಂಡ್ಯ ಕಡೆಯವರಿಗೆ ವಿವರಿಸೋದು ಸುಲಭ: ಜೋಡೆತ್ತಿನ ಗಾಡಿ ಓಟ. ಕೊಯ್ಲು ಮುಗಿದ ಬಯಲಲ್ಲಿ ನೆಟ್ಟಗೆ ದಾರಿ ಮಾಡಿ, ಎರಡು ಗಾಡಿ ಅಕ್ಕಪಕ್ಕ ನಿಲ್ಲಿಸಿ, ಬಾವುಟ ಬೀಸಿದ ಕೂಡಲೇ ಬಿಡೋದು. ತಿರುವಿಲ್ಲ, ಸುತ್ತಿಲ್ಲ. ಕಣ್ಣು ಮಿಟುಕಿಸೋದರೊಳಗೆ ಮುಗಿದುಹೋಗುತ್ತೆ. ನಮ್ಮ ದೊಡ್ಡಪ್ಪ ಆ ಕೆಲವು ಸೆಕೆಂಡಿಗಾಗಿ ವರ್ಷವಿಡೀ ಎರಡು ಹಳ್ಳಿಕಾರ್ ಎತ್ತು ಸಾಕುತ್ತಿದ್ದರು. ದೊಡ್ಡಮ್ಮನಿಗೆ ಸಿಗದ ಆರೈಕೆ ಆ ಎತ್ತುಗಳಿಗೆ ಸಿಗುತ್ತಿತ್ತು. ಎತ್ತಿನ ಜಾಗದಲ್ಲಿ ಇಂಜಿನ್ ಇಟ್ಟು, ದಾರಿಯನ್ನು ಕಾಲು ಮೈಲಿ, ಅಂದರೆ 402 ಮೀಟರ್ ಮಾಡಿದರೆ ಅದೇ ಡ್ರ್ಯಾಗ್ ರೇಸ್.

ಇದು ಹುಟ್ಟಿದ್ದು ಬೀದಿಯಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ವಾಪಸ್ ಬಂದ ಹುಡುಗರಿಗೆ ಇಂಜಿನ್ ಬಿಚ್ಚೋದು ಗೊತ್ತಿತ್ತು, ಹಳೇ ಫೋರ್ಡ್ ಕಾರು ಅಗ್ಗಕ್ಕೆ ಸಿಗುತ್ತಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ರಾತ್ರಿಯಾದರೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ. ಸಾವುನೋವು ಜಾಸ್ತಿಯಾದಾಗ 1950ರಲ್ಲಿ ಸಿ.ಜೆ. ಹಾರ್ಟ್ ಅನ್ನೋರು ಜೊತೆಗಾರರನ್ನು ಕೂಡಿಸಿಕೊಂಡು ಸಾಂತಾ ಆನಾದ ವಿಮಾನ ನಿಲ್ದಾಣದ ರನ್‌ವೇ ಒಂದರಲ್ಲಿ ಭಾನುವಾರ ಭಾನುವಾರ ರೇಸ್ ಶುರು ಮಾಡಿದರು. ಟಿಕೆಟ್ ಐವತ್ತು ಸೆಂಟ್. ಮಾರನೇ ವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಮುಂದಾಳತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಬಂತು. ಹುಡುಗರನ್ನು ಬೀದಿಯಿಂದ ಎತ್ತಿ ಒಂದು ಪಟ್ಟಿಯ ಮೇಲೆ ನಿಲ್ಲಿಸಬೇಕು ಅನ್ನೋದೇ ಎಲ್ಲರ ವಾದ.

1955ರಲ್ಲಿ ಅದೇ ಬಂದರಿನ ಪಕ್ಕ, ವಿಲ್ಮಿಂಗ್ಟನ್‌ನಲ್ಲಿ, ಸ್ಥಳೀಯ ಲಯನ್ಸ್ ಕ್ಲಬ್ಬುಗಳು ಸೇರಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ತೆರೆದವು. ಹೌದು, ನಮ್ಮೂರಲ್ಲಿ ಕಣ್ಣಿನ ಶಿಬಿರ ಮಾಡೋ ಅದೇ ಲಯನ್ಸ್! ನೆಲ ಬಂದರು ಇಲಾಖೆಯದು, ಗುತ್ತಿಗೆಗೆ. ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಇಂಜಿನ್ನಿಗೆ ಇನ್ನಷ್ಟು ಶಕ್ತಿ ಬರೋದರಿಂದ ದೂರದೂರದ ಓಟಗಾರರೂ ಅಲ್ಲಿಗೇ ಬರುತ್ತಿದ್ದರು. ನಿಮ್ಮ ಮಕ್ಕಳ ಆಟಿಕೆ ಡಬ್ಬಿಯಲ್ಲೂ ಈ ಟ್ರ್ಯಾಕಿನ ಒಂದು ಚೂರು ಇರಬಹುದು. 'ಮುಂಗುಸಿ' ಅಂತ ಅಡ್ಡಹೆಸರಿನ ಟಾಮ್ ಮೆಕ್ಯುವನ್ 1964ರಲ್ಲಿ 'ಹಾವು' ಡಾನ್ ಪ್ರೂಡೋಮ್‌ನನ್ನು ಸೋಲಿಸಿದ್ದು ಅಲ್ಲೇ. ಆ ಹಾವು-ಮುಂಗುಸಿ ಜಗಳವನ್ನೇ ಮುಂದೆ ಮೆಕ್ಯುವನ್ ಮ್ಯಾಟೆಲ್ ಕಂಪನಿಗೆ ಮಾರಿದ. ಅವರಿಬ್ಬರ ಕಾರುಗಳು ಹಾಟ್ ವೀಲ್ಸ್ ಆಟಿಕೆಯಾಗಿ ಲೋಕವೆಲ್ಲ ಸುತ್ತಿದವು.

ಇಂಜಿನಿಯರ್ ಆದವನಿಗೆ ಇಷ್ಟವಾಗೋ ಇನ್ನೊಂದು ಕಥೆಯೂ ಲಯನ್ಸಿನದೇ. 1970ರ ಮಾರ್ಚ್‌ನಲ್ಲಿ ಡಾನ್ ಗಾರ್ಲಿಟ್ಸ್ ಕಾರಿನ ಟ್ರಾನ್ಸ್‌ಮಿಷನ್ ಹೊರಡುವ ಗೆರೆಯಲ್ಲೇ ಸಿಡಿದು ಅವನ ಬಲಪಾದದ ಒಂದು ಭಾಗ ಹೋಯಿತು. ಆಗೆಲ್ಲ ಚಾಲಕ ಇಂಜಿನ್ನಿನ ಹಿಂದೆ ಕೂರುತ್ತಿದ್ದ. ಏನು ಸಿಡಿದರೂ ಅವನ ಮೈಮೇಲೆ. ಗಾರ್ಲಿಟ್ಸ್ ಇಂಜಿನ್ನನ್ನೇ ಬೆನ್ನ ಹಿಂದಕ್ಕೆ ಹಾಕಿ ಹೊಸ ಕಾರು ಕಟ್ಟಿ 1971ರಲ್ಲಿ ಗೆಲ್ಲೋಕೆ ಶುರು ಮಾಡಿದ. ಕೆಲವೇ ವರ್ಷದಲ್ಲಿ ಆ ವರ್ಗದವರೆಲ್ಲ ಅದನ್ನೇ ಹಿಡಿದರು. ಪ್ರೊಡಕ್ಷನ್ ಬಗ್ ಕಂಡ ಮೇಲೆ ಡಿಸೈನ್ ಬದಲಾಗೋದು ನಮ್ಮಲ್ಲಿ ಮಾತ್ರ ಅಲ್ಲ ನೋಡಿ.

1972ರ ಡಿಸೆಂಬರ್ 2ಕ್ಕೆ ಲಯನ್ಸಿನಲ್ಲಿ ಕೊನೇ ರೇಸ್. ಸುತ್ತ ಮನೆಗಳಾಗಿದ್ದವು, ಸದ್ದಿನ ದೂರು ಹೆಚ್ಚಾಗಿತ್ತು, ಬಂದರಿಗೂ ನೆಲ ಬೇಕಿತ್ತು. ಇದು ಒಂದರ ಕಥೆಯಲ್ಲ. ಸಾಂತಾ ಆನಾ 1959ರಲ್ಲಿ ಮುಗಿದು ಇವತ್ತು ಜಾನ್ ವೇನ್ ವಿಮಾನ ನಿಲ್ದಾಣದ ಭಾಗ. ಸಾನ್ ಫರ್ನಾಂಡೊ 1969ರಲ್ಲಿ ಹೋಯಿತು. ಅರ್ವಿಂಡೇಲ್ ಊರಿನ ಹಳೇ ಟ್ರ್ಯಾಕ್ 1977ರಲ್ಲಿ ಮುಚ್ಚಿ, ಆ ಜಾಗದಲ್ಲಿ ಬಿಯರ್ ಕಾರ್ಖಾನೆ ಎದ್ದಿತು. ಓದ್ತಾ ಓದ್ತಾ ನನಗೆ ಕಂಡದ್ದಿಷ್ಟು: ಇಂಥ ಟ್ರ್ಯಾಕ್ ಹುಟ್ಟೋದು ಯಾರೂ ಕೇಳದ ನೆಲದಲ್ಲಿ. ನಾಲ್ಕು ಜನ ಬಂದು, ರಸ್ತೆಯಾಗಿ, ಕರೆಂಟು ಬಂದು, ಆ ನೆಲಕ್ಕೆ ಬೆಲೆ ಬಂದ ದಿನ ಟ್ರ್ಯಾಕಿನ ಆಯಸ್ಸು ಮುಗೀತು. ಓಡಿಸೋರು ಓಟದಲ್ಲಿ ಸೋತು ಮನೆಗೆ ಹೋಗಿದ್ದು ಕಡಿಮೆ, ಗುತ್ತಿಗೆ ಪತ್ರದಲ್ಲಿ ಸೋತಿದ್ದೇ ಹೆಚ್ಚು.

ಇನ್ನು ಬಿಗ್ ವಿಲ್ಲಿ. ಪೂರ್ತಿ ಹೆಸರು ವಿಲ್ಲಿ ರಾಬಿನ್ಸನ್, ನ್ಯೂ ಆರ್ಲಿಯನ್ಸ್‌ನಿಂದ ಬಂದ ಕಪ್ಪುವರ್ಣೀಯ, ವಿಯಟ್ನಾಂ ಯುದ್ಧ ಕಂಡುಬಂದವನು. ಆರೂವರೆ ಅಡಿ ಎತ್ತರ, ಜಿಮ್ಮಿನಲ್ಲಿ ಬೆಳೆಸಿದ ಮೈ. ಫೋಟೋದಲ್ಲಿ ಅವನ ಪಕ್ಕ ಡಾಡ್ಜ್ ಡೇಟೋನಾದಂಥ ಉದ್ದನೆ ಕಾರೇ ಸಣ್ಣದಾಗಿ ಕಾಣುತ್ತೆ. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್ಸಿನ ವಾಟ್ಸ್ ಬಡಾವಣೆ ಹತ್ತಿ ಉರಿದು 34 ಜನ ಸತ್ತರು. ಆಮೇಲಿನ ವರ್ಷಗಳಲ್ಲಿ ವಿಲ್ಲಿ, ಪೊಲೀಸರ ಬೆಂಬಲದಿಂದಲೇ, ಬೀದಿ ರೇಸಿನ ಹುಡುಗರನ್ನು ಸೇರಿಸಿ ಒಂದು ಸಂಘ ಕಟ್ಟಿದ. ಅದರ ಹೆಸರು 'ಇಂಟರ್‌ನ್ಯಾಷನಲ್ ಬ್ರದರ್‌ಹುಡ್ ಆಫ್ ಸ್ಟ್ರೀಟ್ ರೇಸರ್ಸ್'. ಕಪ್ಪು, ಬಿಳಿ, ಮೆಕ್ಸಿಕನ್, ಏಷ್ಯನ್ ಹುಡುಗರು ಒಬ್ಬರ ಮುಖ ಒಬ್ಬರು ನೋಡದ ಕಾಲ ಅದು. ವಿಲ್ಲಿಯ ಲೆಕ್ಕ ಸರಳ: ಕಾರಿನ ಬಾನೆಟ್ ಎತ್ತಿದರೆ ಯಾವ ಹುಡುಗನಾದರೂ ಬಂದು ಬಗ್ಗಿ ನೋಡ್ತಾನೆ, ನೋಡಿದ ಮೇಲೆ ಮಾತಾಡಲೇಬೇಕು.

1974ರಲ್ಲಿ ಟರ್ಮಿನಲ್ ಐಲೆಂಡಿನಲ್ಲಿ ಬಂದರಿನ ನೆಲದ ಮೇಲೆ ಅವನ ಟ್ರ್ಯಾಕ್ ಶುರುವಾಯಿತು. ಮೇಯರ್ ಟಾಮ್ ಬ್ರಾಡ್ಲಿ ಅವನ ಪರ ಇದ್ದರು. ಬ್ರಾಡ್ಲಿ ಸ್ವತಃ ಮಾಜಿ ಪೊಲೀಸ್. ಆ ದ್ವೀಪದ್ದು ಮೊದಲಿಂದಲೂ ಒಕ್ಕಲೆಬ್ಬಿಸುವ ಹಣೆಬರಹ. 1942ರಲ್ಲಿ ಅಲ್ಲಿನ ಜಪಾನಿ ಮೂಲದ ಮೀನುಗಾರ ಕುಟುಂಬಗಳಿಗೆ 48 ಗಂಟೆ ಗಡುವು ಕೊಟ್ಟು ಖಾಲಿ ಮಾಡಿಸಿದ್ದರು. ಒಂದಿಡೀ ಊರೇ ಎದ್ದುಹೋದ ದ್ವೀಪಕ್ಕೆ ವಿಲ್ಲಿಯ ಹುಡುಗರು ಬಂದದ್ದು.

ಅದು ದೊಡ್ಡವರ ಟ್ರ್ಯಾಕ್ ಆಗಿರಲಿಲ್ಲ. ಯಾವ ಗಾಡಿ ಇದೆಯೋ ಅದನ್ನೇ ತಗೊಂಡು ಬಾ, ಅಷ್ಟೇ. ಸಹೋದ್ಯೋಗಿಯ ಅಪ್ಪ ವಾರವಿಡೀ ಬೇರೆಯವರ ಕಾರು ರಿಪೇರಿ ಮಾಡಿ, ವಾರದ ಕೊನೆಗೆ ತಮ್ಮ ಶೆವರ್ಲೆ ತಗೊಂಡು ಹೋಗ್ತಿದ್ದರಂತೆ. ಒಂದು ಊಟದ ಹೊತ್ತಲ್ಲಿ ಅವರೇ ಹೇಳಿದ್ದು: "ನನಗೆ ಆಗ ಇಂಗ್ಲಿಷ್ ಸರಿಯಾಗಿ ಬರ್ತಿರಲಿಲ್ಲ. ಅಂಗಡಿಯಲ್ಲಿ, ಬ್ಯಾಂಕಲ್ಲಿ, ಎಲ್ಲಾ ಕಡೆ ತಲೆ ತಗ್ಗಿಸ್ಕೊಂಡು ನಿಲ್ತಿದ್ದೆ. ಗೆರೆ ಹತ್ರ ನಿಂತಾಗ ಮಾತ್ರ ಯಾರೂ ನನ್ನ ಭಾಷೆ ಕೇಳ್ತಿರಲಿಲ್ಲ." ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಬಿಇ ಮೊದಲ ವರ್ಷ ಹಿಂದಿನ ಬೆಂಚಲ್ಲಿ ಬಾಯಿ ಬಿಡದೆ ಕೂತಿದ್ದವನು ನಾನು. ಆ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸೆಳೆತ ಏನು ಅಂತ ಕಣ್ಣಾರೆ ಕಂಡದ್ದು ಮುಂದಿನ ವಾರ, ಅರ್ವಿಂಡೇಲ್‌ನಲ್ಲಿ. ಬಿಯರ್ ಕಾರ್ಖಾನೆಯಾದ ಹಳೇ ಟ್ರ್ಯಾಕ್ ಅಲ್ಲ, ಅದೇ ಊರಲ್ಲಿ 2001ರಲ್ಲಿ ಶುರುವಾದ ಇನ್ನೊಂದು. ಅದು ಕಾಲು ಮೈಲಿಯೂ ಇಲ್ಲ, ಅದರರ್ಧ, 201 ಮೀಟರ್. ಗುರುವಾರ ಸಂಜೆ ಯಾರು ಬೇಕಾದರೂ ದುಡ್ಡು ಕಟ್ಟಿ ಓಡಿಸಬಹುದಿತ್ತು. ಸುಟ್ಟ ರಬ್ಬರಿನ ವಾಸನೆ, ಟಾಕೋ ಗಾಡಿಯ ಹೊಗೆ, ಮಡಿಚುವ ಕುರ್ಚಿಯಲ್ಲಿ ಕೂತ ಅಜ್ಜಂದಿರು. ಹೊರಡುವ ಗೆರೆಯಲ್ಲಿ ದೀಪದ ಕಂಬ. ಹಳದಿ, ಹಳದಿ, ಹಳದಿ, ಹಸಿರು. ಹಸಿರಿಗೆ ಮೊದಲೇ ಬಿಟ್ಟರೆ ಕೆಂಪು, ಆಟ ಮುಗೀತು. ಓಡಿ ಬಂದವನ ಕೈಗೆ ಬಸ್ ಟಿಕೆಟ್‌ನಂಥ ಒಂದು ಚೀಟಿ ಕೊಡ್ತಾರೆ. ದೀಪ ಬಂದ ಎಷ್ಟು ಹೊತ್ತಿಗೆ ಬಿಟ್ಟೆ, ಎಷ್ಟು ಸೆಕೆಂಡಲ್ಲಿ ಮುಟ್ಟಿದೆ, ಎಷ್ಟು ವೇಗ, ಎಲ್ಲಾ ಸೆಕೆಂಡಿನ ಸಾವಿರದ ಒಂದು ಭಾಗದ ತನಕ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬರೆಯೋ ಎರಡು ಪುಟಕ್ಕಿಂತ ಆ ಚೀಟಿ ಮೇಲೆ ನನಗೆ ನಂಬಿಕೆ ಬಂತು.

ಇಂಥ ಸಣ್ಣ ಟ್ರ್ಯಾಕುಗಳನ್ನು ಬದುಕಿಸಿರೋದು ಬ್ರ್ಯಾಕೆಟ್ ರೇಸಿಂಗ್ ಅನ್ನೋ ಪದ್ಧತಿ. ನನ್ನ ಕಾರು ಇಷ್ಟು ಸೆಕೆಂಡಲ್ಲಿ ಓಡುತ್ತೆ ಅಂತ ನೀವೇ ಮೊದಲು ಗಾಜಿನ ಮೇಲೆ ಬರೀಬೇಕು. ನಿಧಾನದ ಕಾರಿಗೆ ಅಷ್ಟು ಮುಂಚೆ ಹಸಿರು ದೀಪ. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಸೋತಂತೆಯೇ! ಎಸ್ಟಿಮೇಟ್ ಉಬ್ಬಿಸಿ ಹೇಳಿ ಬೇಗ ಮುಗಿಸಿ ಹೊಗಳಿಸಿಕೊಳ್ಳೋ ನಮ್ಮಂಥವರು ಅಲ್ಲಿ ಮೊದಲ ಸುತ್ತಲ್ಲೇ ಮನೆಗೆ. ಇದರಿಂದಾಗಿ ಮಕ್ಕಳನ್ನು ಸ್ಕೂಲಿಗೆ ಬಿಡೋ ವ್ಯಾನು ಕೂಡ ಲಕ್ಷಾಂತರ ಸುರಿದ ಕಾರನ್ನು ಸೋಲಿಸಬಹುದು.

ಆದರೆ ಟರ್ಮಿನಲ್ ಐಲೆಂಡಿನ ಕಥೆ ಅಷ್ಟು ಸಲೀಸಾಗಿ ಸಾಗಲಿಲ್ಲ. ಮುಚ್ಚೋದು, ಮತ್ತೆ ತೆರೆಯೋದು, ಇದೇ ಆಯಿತು. ಪ್ರತಿ ಸಲ ವಿಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅವನ ಹೆಂಡತಿ ಟೊಮಿಕೋ ಕೂಡ ರೇಸ್ ಓಡಿಸುವವಳೇ, ಗಂಡನ ಜೊತೆ ನಿಂತು ಟ್ರ್ಯಾಕಿನ ಕೆಲಸವೂ ಅವಳದೇ. ತಾಲ್ಲೂಕು ಕಚೇರಿಯಲ್ಲಿ ಖಾತೆ ಮಾಡಿಸಲು ಅಲೆದವರಿಗೆ ಅವರ ಕಷ್ಟ ಬೇರೆ ಹೇಳಬೇಕಾಗಿಲ್ಲ. 1992ರಲ್ಲಿ ಊರು ಮತ್ತೆ ಹೊತ್ತಿ ಉರಿದು ಅರವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಎಲ್ಲರಿಗೂ ವಿಲ್ಲಿಯ ನೆನಪಾಯಿತು. ಟ್ರ್ಯಾಕಿಗೆ ಇನ್ನೊಂದು ಅವಕಾಶ ಸಿಕ್ಕಿತು. ಬೆಂಕಿ ಬಿದ್ದಾಗ ಬಾವಿ ತೋಡೋದು ಅಲ್ಲೂ ಇದೆ.

1995ರಲ್ಲಿ ಕೊನೇ ಸಲ ಮುಚ್ಚಿತು. ಬಂದರಿಗೆ ಆ ನೆಲದಲ್ಲಿ ಏಷ್ಯಾಕ್ಕೆ ಕಲ್ಲಿದ್ದಲು ಕಳಿಸುವ ಟರ್ಮಿನಲ್ ಕಟ್ಟಬೇಕಿತ್ತು. ಕಟ್ಟಿದರು. ವ್ಯಾಪಾರ ಕುದುರಲಿಲ್ಲ, ಕೆಲವೇ ವರ್ಷದಲ್ಲಿ ಅದೂ ಮುಚ್ಚಿತು. ವಿಲ್ಲಿ ಟ್ರ್ಯಾಕ್ ವಾಪಸ್ ಕೊಡಿ ಅಂತ ಕೇಳ್ತಲೇ ಇದ್ದ. 2007ರಲ್ಲಿ ಟೊಮಿಕೋ ತೀರಿಕೊಂಡಳು, 2012ರಲ್ಲಿ ಅವನೂ ಹೋದ. ಈ ನಡುವೆ 2001ರಲ್ಲಿ ಬಂದ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾ ಅದೇ ಊರಿನ ಬೀದಿ ರೇಸನ್ನು ಲೋಕಕ್ಕೆಲ್ಲ ತೋರಿಸಿ ದುಡ್ಡು ಮಾಡಿತು. ಆ ಸಿನಿಮಾ ಹಾಸ್ಟೆಲ್ಲಿನ ಕಂಪ್ಯೂಟರಲ್ಲಿ ಎಷ್ಟು ಸಲ ನೋಡಿದ್ದೀನೋ ನನಗೇ ಲೆಕ್ಕವಿಲ್ಲ. ವಿಲ್ಲಿ ಅಂತ ಒಬ್ಬ ಇದ್ದ ಅನ್ನೋದು ಗೊತ್ತಿರಲಿಲ್ಲ.

ನೆಲ ಸ್ವಂತದ್ದಾದರೆ ಕಥೆ ಬೇರೆ ಆಗುತ್ತೆ ಅನ್ನೋದಕ್ಕೆ ನಮ್ಮ ಹತ್ತಿರದ ಉದಾಹರಣೆ ಇದೆ. ಚೆನ್ನೈ ಪಕ್ಕದ ಶೋಲಾವರಂನಲ್ಲಿ ಯುದ್ಧಕಾಲದ ರನ್‌ವೇ ಮೇಲೆ ದಶಕಗಳ ಕಾಲ ರೇಸ್ ನಡೆಯಿತು, ಬೆಂಗಳೂರಿನವರೂ ಹೋಗಿ ಓಡಿಸಿದರು. ಅಲ್ಲಿ ಎಂದೆಂದಿಗೂ ನಡೆಯಲ್ಲ ಅಂತ ಅರಿತ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇರುಂಗಾಟ್ಟುಕೋಟ್ಟೈಯಲ್ಲಿ ತನ್ನದೇ ಟ್ರ್ಯಾಕ್ ಕಟ್ಟಿತು. ಅದು ಇವತ್ತಿಗೂ ಇದೆ.

ದೂರು ಕೊಟ್ಟವರನ್ನು ಬೈಯೋಕೆ ನನಗೆ ಬಾಯಿಲ್ಲ. ನಾನಿರೋ ಅಪಾರ್ಟ್‌ಮೆಂಟ್ ನಿಂತಿರೋದು ಒಂದು ಹಳ್ಳಿಯ ರಾಗಿ ಹೊಲದ ಮೇಲೆ. ಮಗಳು ಮೂರು ತಿಂಗಳ ಕೂಸಿದ್ದಾಗ ಪಕ್ಕದ ಆ ಹಳ್ಳಿಯ ಹಬ್ಬದ ತಮಟೆ ಸದ್ದಿನ ಮೇಲೆ ನಮ್ಮ ಸಂಘದವರು ದೂರು ಬರೆದರು. ನಾನೂ ಸಹಿ ಹಾಕಿದೆ. ಹಬ್ಬ ನಮಗಿಂತ ಎಷ್ಟೋ ಮೊದಲಿನದು ಅಂತ ಗೊತ್ತಿದ್ದೇ ಹಾಕಿದೆ. ದೊಡ್ಡಪ್ಪನ ಎತ್ತು ಓಡಿದ ಬಯಲಲ್ಲಿ ಈಗ ಲೇಔಟ್ ಆಗಿದೆ, ಮೂವತ್ತು-ನಲವತ್ತರ ಸೈಟುಗಳು. ಅದರಲ್ಲೊಂದಕ್ಕೆ ಅಡ್ವಾನ್ಸ್ ಕೊಟ್ಟಿರೋದೂ ನಾನೇ.

ಹೋದ ವರ್ಷ ಚಿಕ್ಕಪ್ಪನ ಮಗ ರಾತ್ರಿ ಎರಡು ಗಂಟೆಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಗೆಳೆಯನ ಜೊತೆ ಪಂದ್ಯ ಕಟ್ಟಿ ಬಿದ್ದ. ತೊಡೆಗೆ ರಾಡ್ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಚಿಕ್ಕಮ್ಮ ಅಳ್ತಿದ್ದರು, ನಾನು ಚೆನ್ನಾಗಿ ಬೈದೆ. ಎಲ್ಲಾ ಕೇಳಿಸಿಕೊಂಡು ಅವನು "ಸರಿ ಅಣ್ಣ, ರೋಡಲ್ಲಿ ಓಡಿಸಲ್ಲ. ಇನ್ನೆಲ್ಲಿ ಓಡಿಸ್ಲಿ ಹೇಳು" ಅಂದ. ಬಿಗ್ ವಿಲ್ಲಿ ಕಥೆ ಹೇಳೋಣ ಅಂತ ಬಾಯಿ ತೆಗೆದೆ. ಆ ಟ್ರ್ಯಾಕ್ ಈಗ ಎಲ್ಲಿದೆ ಅಂತ ಕೇಳಿದರೆ ಏನು ಹೇಳಲಿ ಅಂತ ಸುಮ್ಮನಾದೆ.

ಅರ್ವಿಂಡೇಲ್ ಕೂಡ 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹಳೇ ಸಹೋದ್ಯೋಗಿ ತನ್ನ ಕೊನೇ ಓಟದ ಚೀಟಿಯ ಫೋಟೋ ಕಳಿಸಿದ್ದ. ಅದನ್ನು ತಮ್ಮನಿಗೆ ತೋರಿಸಿದೆ. ಅವನು ಫೋಟೋ ಹಿಗ್ಗಿಸಿ, ಅಂಕಿ ಓದಿ, "ಸಿವಿಕ್‌ಗೆ ಇದು ಪರವಾಗಿಲ್ಲ ಕಣಣ್ಣ" ಅಂದ. ಈಗ ಊರುಗೋಲು ಬಿಟ್ಟು ಓಡಾಡ್ತಾನೆ. ಬೈಕ್ ಇನ್ನೂ ಮಾರಿಲ್ಲ.